ಅಮ್ಮನಿಗೆ ನಿಜ ಹೇಳಿದರೆ ಉಳಿದ ದಿನಗಳು ಹಾಳಾಗುತ್ತವಾ, ಸುಧಾರಿಸುತ್ತವಾ?

ತಿಪಟೂರು_ತೆಂಗು
ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಅಮ್ಮನಿಗೆ 67. ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಯಿತು, ಕೀಮೋ ಆಯಿತು, ಮತ್ತೆ ಬಂತು, ಬೇರೆ ಕೀಮೋ ಆಯಿತು. ಈಗ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಡಾಕ್ಟರ್ ನನ್ನನ್ನೂ ಅಣ್ಣನನ್ನೂ ಹೊರಗೆ ಕರೆದು, "ಇನ್ನು ಕೀಮೋ ಕೊಟ್ಟರೆ ಹಿಂಸೆ ಅಷ್ಟೇ. ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ" ಎಂದರು. ವರ್ಷದ ಮಾತಲ್ಲ, ತಿಂಗಳುಗಳ ಮಾತು ಅಂತಲೂ ಹೇಳಿದರು.

ಕ್ಯಾನ್ಸರ್ ಅಂತ ಅಮ್ಮನಿಗೆ ಗೊತ್ತು. ಆದರೆ ಅದು ವಾಸಿಯಾಯಿತು, ಈಗಿನ ನೀರು ಔಷಧಿಯ ಕಾವಿಗೆ ಲಿವರ್ ಸುಸ್ತಾಗಿ ಬಂದದ್ದು ಅಂತ ನಾವು ಹೇಳಿದ್ದೇವೆ. ಅಣ್ಣ, ದೊಡ್ಡಪ್ಪ ಇಬ್ಬರದ್ದೂ ಒಂದೇ ಹಟ. "ಹೇಳಿದರೆ ಎದೆ ಒಡೆದುಕೊಂಡು ನಾಳೆಯೇ ಹಾಸಿಗೆ ಹಿಡಿಯುತ್ತಾಳೆ." ಮಾಘದಲ್ಲಿ ಅಣ್ಣನ ಮಗಳ ಮದುವೆ ಇದೆ. ಅಮ್ಮ ದಿನಾ ಅದರ ಮಾತು ತೆಗೆಯುತ್ತಾರೆ, ನಾವು ಹೂಂ ಹೂಂ ಅನ್ನುತ್ತೇವೆ. ನನಗೆ ಆಗುತ್ತಿಲ್ಲ.

ಸಾವು ಹತ್ತಿರ ಇದೆ ಅಂತ ಗೊತ್ತಾದ ಮೇಲೂ ನೆಮ್ಮದಿಯಾಗಿ ದಿನ ಕಳೆದವರನ್ನು ನೋಡಿದ್ದೀರಾ? ಅಥವಾ ಗೊತ್ತಾಗದೇ ಇರುವುದೇ ಸುಖವಾ? ಸಮಾಧಾನದ ಮಾತು ಬೇಡ. ಕಂಡದ್ದನ್ನು ಹೇಳಿ.

ಮಲ್ನಾಡ್_ಗಿರಿ
ಹೇಳಬೇಡಿ. ನಮ್ಮಜ್ಜಿಗೆ ಹಾಸಿಗೆ ಪಕ್ಕದಲ್ಲೇ ನಿಂತು, ಎಲ್ಲರ ಎದುರಿಗೆ, ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ "ಎಲ್ಲಾ ಕಡೆ ಹರಡಿದೆ ಅಜ್ಜಿ, ಏನೂ ಮಾಡೋಕಾಗಲ್ಲ" ಅಂದುಬಿಟ್ಟ. ಅವತ್ತು ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಸರಿಯಾಗಿ ಮಾತಾಡಲಿಲ್ಲ. ಕಾಫಿ ಇಲ್ಲದೆ ಬೆಳಗಾಗದ ಜೀವ ಅದು, ಕಾಫಿಯನ್ನೂ ಬಿಟ್ಟರು. ಬೇಗ ಹೋದರು.

ಕಾಫಿಪುಡಿ
ಅದು ಹೇಳಿದ್ದರ ತಪ್ಪಲ್ಲ ಗಿರಿ, ಹೇಳಿದ ರೀತಿಯ ತಪ್ಪು.

ಮಲ್ನಾಡ್_ಗಿರಿ
ಅಜ್ಜಿಗೆ ಏನು ವ್ಯತ್ಯಾಸ ಆಯಿತು ಸ್ವಾಮಿ ಅದರಿಂದ?

ರಾತ್ರಿಪಾಳಿ
ನಾನು ನರ್ಸ್. ಪ್ಯಾಲಿಯೇಟಿವ್ ತಂಡದ ಜೊತೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ನೋಡಿಕೊಳ್ಳುವ ತಂಡದ ಜೊತೆ, ಮನೆ ಮನೆಗೆ ಹೋಗುವ ಕೆಲಸ. ಗೇಟಿನ ಹತ್ತಿರವೇ ಮಗನೋ ಅಳಿಯನೋ ಅಡ್ಡ ನಿಲ್ಲುತ್ತಾರೆ. "ಸಿಸ್ಟರ್, ಬ್ಯಾಗ್ ಮೇಲಿನ ಹೆಸರು ಕಾಣದ ಹಾಗೆ ಹಿಡ್ಕೊಳ್ಳಿ." ವ್ಯಾನನ್ನು ಮುಂದಿನ ಬೀದಿಯಲ್ಲಿ ನಿಲ್ಲಿಸಿ ಅನ್ನುವವರೂ ಇದ್ದಾರೆ. ಸರಿ ಅಂತ ಒಳಗೆ ಹೋಗುತ್ತೇವೆ. ಬಿಪಿ ನೋಡುವಾಗ ಎಲ್ಲರೂ ಇರುತ್ತಾರೆ. ಡ್ರೆಸ್ಸಿಂಗ್ ಮಾಡುವಾಗ ಬಾಗಿಲು ಹಾಕುತ್ತೇವಲ್ಲ, ಆಗ ಪೇಷೆಂಟ್ ಮೆಲ್ಲಗೆ ಕೇಳುತ್ತಾರೆ, "ಇನ್ನೆಷ್ಟು ದಿನ ಸಿಸ್ಟರ್?" ಅಂತ.

ಪೂರ್ತಿ ಗೊತ್ತಿಲ್ಲದ ಪೇಷೆಂಟ್ ನನಗೆ ಸಿಕ್ಕಿದ್ದು ತುಂಬಾ ಕಡಿಮೆ. ಮೈ ಅವರದ್ದು. ಬಟ್ಟೆ ಸಡಿಲವಾಗುವುದು, ಬಂದವರು ಕಣ್ಣು ತಪ್ಪಿಸುವುದು, ಮಕ್ಕಳು ಹಿತ್ತಿಲಿಗೆ ಹೋಗಿ ಫೋನ್ ಮಾತಾಡುವುದು, ಎಲ್ಲ ಲೆಕ್ಕ ಹಾಕಿರುತ್ತಾರೆ. ಹೇಳದೇ ಇದ್ದರೆ ಭಯ ಹೋಗಲ್ಲ. ಭಯದ ಜೊತೆ ಒಬ್ಬರೇ ಉಳಿಯುತ್ತಾರೆ ಅಷ್ಟೇ.

ಹಾಗಂತ ಇವತ್ತೇ ಹೋಗಿ "ಅಮ್ಮಾ, ನಿನಗೆ ಇಷ್ಟೇ ದಿನ" ಅನ್ನಬೇಡಿ. ಮೊದಲು ಕೇಳಿ. "ನಿನಗೆ ಏನನ್ನಿಸುತ್ತಿದೆ? ಡಾಕ್ಟರ್ ಹೇಳಿದ್ದನ್ನು ತಿಳ್ಕೋಬೇಕಾ, ನಾವೇ ನೋಡಿಕೊಳ್ಳೋಣವಾ?" ಇಷ್ಟೇ. ಎಷ್ಟು ಬೇಕು ಅಂತ ಅವರೇ ತೋರಿಸುತ್ತಾರೆ. ಗಿರಿಯವರ ಅಜ್ಜಿಗೆ ಇದನ್ನು ಯಾರೂ ಕೇಳಲೇ ಇಲ್ಲ.

ಇನ್ನೊಂದು, ನೋವಿದೆಯಾ ಅವರಿಗೆ? ನಿದ್ದೆ ಬರುತ್ತಿದೆಯಾ? ಮೊದಲು ಅದು. ನೋವಿನಲ್ಲಿ ಒದ್ದಾಡುವವರ ಹತ್ತಿರ ಬದುಕು ಸಾವಿನ ಮಾತು ಎತ್ತಿ ಪ್ರಯೋಜನ ಇಲ್ಲ.

ತಿಪಟೂರು_ತೆಂಗು
ನೀವು ಹೇಳಿದ್ದು ಓದಿ ಕೈ ನಡುಗಿತು ಸಿಸ್ಟರ್. ಹೋದ ವಾರ ಅಟ್ಟದಿಂದ ಸ್ಟೀಲ್ ಪಾತ್ರೆಗಳನ್ನು ಇಳಿಸಲು ಹೇಳಿದರು. ಮದುವೆಗೆ ಬೇಕಾಗುತ್ತೆ ಅಂದರು, ಇಳಿಸಿದೆ. ನಿನ್ನೆ ದೊಡ್ಡ ಕೊಳದಪ್ಪಲೆ ತೊಳೆಯೋಣ ಅಂತ ಬೋರಲು ಹಾಕಿದರೆ, ತಳದಲ್ಲಿ ಬಿಳಿ ಪ್ಲಾಸ್ಟರ್ ತುಂಡು, ಅದರ ಮೇಲೆ ಪೆನ್ನಿನಲ್ಲಿ ನನ್ನ ಹೆಸರು. ಡಬರಿ ಕೆಳಗೆ ಅತ್ತಿಗೆ ಹೆಸರು. ಇಡ್ಲಿ ಪಾತ್ರೆಗೆ ಪಕ್ಕದ ಮನೆಯವರ ಹೆಸರು! ಡ್ರೆಸ್ಸಿಂಗ್‌ಗೆ ತಂದಿಟ್ಟಿದ್ದ ಪ್ಲಾಸ್ಟರ್ ಅದು.

ನೋವು ಇದೆ. "ಪರವಾಗಿಲ್ಲ" ಅನ್ನುತ್ತಾರೆ. ರಾತ್ರಿ ಎದ್ದು ಕೂತಿರುತ್ತಾರೆ.

ಕಾಫಿಪುಡಿ
ಇಡ್ಲಿ ಪಾತ್ರೆ ಪಕ್ಕದ ಮನೆಗೆ 😄 ನಿಮ್ಮಮ್ಮ ಘಟ್ಟಿಗರು ಕಣ್ರೀ.

ಆಯುರ್_ಬಂಧು
ಮನಸ್ಸೇ ಎಲ್ಲದಕ್ಕೂ ಮೂಲ. ರೋಗಿಗೆ ಸಾವಿನ ಯೋಚನೆ ಬಂದ ದಿನವೇ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಪಾಸಿಟಿವ್ ಆಗಿದ್ದವರು ಗೆದ್ದಿದ್ದಾರೆ. ಸಕ್ಕರೆ ಪೂರ್ತಿ ಬಿಡಿಸಿ, ಕ್ಯಾನ್ಸರ್ ಸಕ್ಕರೆ ತಿಂದು ಬದುಕುತ್ತದೆ. ನಮ್ಮಲ್ಲಿ ಒಂದು ಕಷಾಯ ಇದೆ, ಮೆಸೇಜ್ ಮಾಡಿ.

ನಾಲ್ಕನೇ_ಹಂತ
ಬಂದರಪ್ಪ ಕಷಾಯದವರು. ನನ್ನ ಹೆಸರು ನೋಡಿದರೆ ಗೊತ್ತಾಗುತ್ತೆ ನಾನು ಯಾರು ಅಂತ. ಸ್ತನ ಕ್ಯಾನ್ಸರ್ ಮೂಳೆಗೆ ಬಂದಿದೆ. ಮಾತ್ರೆ ತಗೊಂಡು, ಕೆಲಸಕ್ಕೂ ಹೋಗಿಕೊಂಡು ಇದ್ದೇನೆ. ಈ "ಪಾಸಿಟಿವ್ ಆಗಿದ್ದರೆ ಗೆಲ್ಲುತ್ತೀರಿ" ಮಾತಿನ ಅರ್ಥ ಏನು ಗೊತ್ತಾ? ರೋಗ ಜಾಸ್ತಿಯಾದರೆ ಅದೂ ನನ್ನದೇ ತಪ್ಪು ಅಂತ. ನಾನು ಸಾಕಷ್ಟು ನಗಲಿಲ್ಲ, ಅದಕ್ಕೇ ಬೆನ್ನುಮೂಳೆಗೆ ಬಂತು ಅಂತ.

ಇದಕ್ಕೊಂದು ಕಥೆಯೂ ಇದೆ. 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಎಂಬ ಮನೋವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ನನ್ನಂಥ ಹೆಂಗಸರು ವಾರಕ್ಕೊಮ್ಮೆ ಗುಂಪಾಗಿ ಕೂತು ಸಾವಿನ ಬಗ್ಗೆ, ಭಯದ ಬಗ್ಗೆ ಬಿಚ್ಚಿ ಮಾತಾಡಿದರೆ ಹೆಚ್ಚು ಕಾಲ ಬದುಕುತ್ತಾರೆ ಅಂತ ಬಂತು. ಎಲ್ಲರೂ ಕುಣಿದರು. 2007ರಲ್ಲಿ ಅವರೇ ಮತ್ತೆ ಮಾಡಿ ನೋಡಿದಾಗ ಒಟ್ಟಾರೆ ಆಯಸ್ಸು ಜಾಸ್ತಿಯಾಗಲಿಲ್ಲ. ಅದನ್ನೂ ಅವರೇ ಪ್ರಕಟಿಸಿದರು, ಮೆಚ್ಚಬೇಕು. ಆದರೆ ಇಂಥ ಗುಂಪುಗಳಿಂದ ಮನಸ್ಸಿನ ಸಂಕಟ, ನೋವು ಕಡಿಮೆಯಾದದ್ದು ಬೇರೆ ಬೇರೆ ಕಡೆ ಕಂಡಿದೆ. ಗಮನಿಸಿ, ಅವರು ಪಾಸಿಟಿವ್ ಮಾತಾಡಲಿಲ್ಲ. ಸಾವಿನ ಮಾತೇ ಆಡಿದರು.

ತೆಂಗು ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಗೊತ್ತಾದ ಮೇಲೆ ಮೊದಲ ಕೆಲವು ವಾರ ನರಕ. ಸುಳ್ಳು ಹೇಳಲ್ಲ. ಊಟ ಸೇರಲ್ಲ, ಕ್ಯಾಲೆಂಡರ್ ನೋಡಿದರೆ ಅಳು. ಆಮೇಲೆ ಒಂದು ಥರ ಒಗ್ಗುತ್ತೆ. ಭಯ ಹೋಗಿದೆಯಾ? ಇಲ್ಲ. ಸ್ಕ್ಯಾನ್ ವಾರ ಬಂದರೆ ಈಗಲೂ ರಾತ್ರಿ ಮೂರಕ್ಕೆ ಎಚ್ಚರ. ಉಳಿದ ವಾರಗಳಲ್ಲಿ ಬೇಡದ ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ, ನಾದಿನಿ ಜೊತೆ ಜಗಳ ಬಿಟ್ಟಿದ್ದೇನೆ, ವೀಣೆ ಪಾಠಕ್ಕೆ ಸೇರಿದ್ದೇನೆ. ಕೆಟ್ಟದಾಗಿ ನುಡಿಸುತ್ತೇನೆ.

ನನ್ನ ದಿನ ಹಾಳು ಮಾಡುವುದು ಸಾವಿನ ಯೋಚನೆಗಿಂತ ಜಾಸ್ತಿ, ನೋಡಲು ಬರುವ ನೆಂಟರು. ಬಾಳೆಹಣ್ಣು ಕೈಗಿಟ್ಟು "ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು, ಪಾಪ ಹೋಗಿಬಿಟ್ಟರು" ಅನ್ನುತ್ತಾರೆ.

ಕಾಫಿಪುಡಿ
ಬಾಳೆಹಣ್ಣಾದರೂ ಚೆನ್ನಾಗಿರುತ್ತಾ?

ನಾಲ್ಕನೇ_ಹಂತ
ಪೂರ್ತಿ ಕಾಯಿ. ಅದು ಹಣ್ಣಾಗುವವರೆಗಾದರೂ ಇರಲಿ ಅಂತ ಹಾರೈಕೆ ಇರಬೇಕು.

ಆಯುರ್_ಬಂಧು
ವಿದೇಶಿ ಅಧ್ಯಯನಗಳನ್ನು ನಂಬಿ ನಮ್ಮ ಪರಂಪರೆಯನ್ನು ಗೇಲಿ ಮಾಡುವುದು ಫ್ಯಾಷನ್ ಆಗಿದೆ.

ನಿರ್ವಾಹಕ
@ಆಯುರ್_ಬಂಧು ಮೆಸೇಜ್ ಮಾಡಿಸಿಕೊಂಡು ಔಷಧಿ ಮಾರುವುದಕ್ಕೆ ಇಲ್ಲಿ ಅವಕಾಶ ಇಲ್ಲ. ಚರ್ಚೆ ಮಾಡಿ, ವ್ಯಾಪಾರ ಬೇಡ.

ಫ್ರೀಮಾಂಟ್_ಕನ್ನಡಿಗ
ನಾನು ಡಾಕ್ಟರ್ ಅಲ್ಲ, ಔಷಧಿ ಟ್ರಯಲ್‌ಗಳ ಡೇಟಾ ನೋಡುವ ಕೆಲಸ. ಎರಡೂ ಕಡೆಯ ಸಾಕ್ಷಿ ಹೇಳುತ್ತೇನೆ.

2010ರಲ್ಲಿ ಬಾಸ್ಟನ್‌ನಿಂದ ಒಂದು ಹೆಸರಾಂತ ಅಧ್ಯಯನ ಬಂತು. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದೇ ಚಿಕಿತ್ಸೆಯ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ತಂಡ. ನೋವು, ಮನಸ್ಸು, ಮುಂದೇನು ಅನ್ನುವ ಮಾತು, ಎಲ್ಲ ನೋಡಿಕೊಳ್ಳುವವರು. ಎರಡನೇ ಗುಂಪಿನಲ್ಲಿ ಖಿನ್ನತೆ ಕಡಿಮೆ ಇತ್ತು, ಜೀವನದ ಗುಣಮಟ್ಟ ಮೇಲಿತ್ತು. ಕೊನೆಗಾಲದಲ್ಲಿ ಕೀಮೋ ಅಂತ ಎಳೆದಾಡಿಸಿಕೊಂಡವರು ಕಡಿಮೆ. ಆದರೂ ಬದುಕಿದ್ದು ಜಾಸ್ತಿ. ಮೊದಲ ಗುಂಪಿನ ಅರ್ಧದಷ್ಟು ಜನ 8.9 ತಿಂಗಳು ದಾಟಿದರೆ, ಇವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿದರು. ಹೇಳಿದರೆ ನಾಳೆಯೇ ಹೋಗುತ್ತಾರೆ ಅನ್ನುವ ದೊಡ್ಡಪ್ಪನಿಗೆ ಇದನ್ನು ಹೇಳಿ.

ಈಗ ಗಿರಿಯವರ ಪರ. ಅದೇ ಬಾಸ್ಟನ್ ಗುಂಪಿನ ಮುಂದಿನ ಕೆಲಸದಲ್ಲಿ, ನನ್ನ ಕಾಯಿಲೆ ವಾಸಿಯಾಗುವುದಿಲ್ಲ, ಕೊನೆ ಹತ್ತಿರ ಇದೆ ಅಂತ ತಿಳಿದಿದ್ದವರಲ್ಲಿ ಆತಂಕ ಜಾಸ್ತಿ, ಜೀವನದ ಗುಣಮಟ್ಟ ಕಡಿಮೆ ಕಂಡಿತು. ಆದರೆ ಇರುವ ಪರಿಸ್ಥಿತಿಯಲ್ಲೇ ಏನಾದರೂ ಅರ್ಥ, ಒಳ್ಳೆಯದು ಹುಡುಕಿಕೊಂಡವರಿಗೆ ಆ ಹೊಡೆತ ಅಷ್ಟು ತಟ್ಟಿರಲಿಲ್ಲ. ಅಂದರೆ ಬರೀ ಸುದ್ದಿ ಮುಟ್ಟಿಸಿ ಎದ್ದು ಹೋದರೆ ನೋವೇ. ಸುದ್ದಿ ಆದ ಮೇಲೆ ಜೊತೆ ಯಾರಿದ್ದಾರೆ ಅನ್ನುವುದು ಮುಖ್ಯ.

ಮಲ್ನಾಡ್_ಗಿರಿ
ನೋಡಿದ್ರಾ! ಲೆಕ್ಕವೇ ಹೇಳುತ್ತಿದೆ. ಅಲ್ಲದೆ ಅಮೆರಿಕದವರು ಚಿಕ್ಕಂದಿನಿಂದಲೇ ಎಲ್ಲ ಮುಖಕ್ಕೆ ಹೇಳಿಸಿಕೊಂಡು ಬೆಳೆದವರು. ಅವರ ಲೆಕ್ಕ ನಮ್ಮಲ್ಲಿ ನಡೆಯುತ್ತಾ?

ಫ್ರೀಮಾಂಟ್_ಕನ್ನಡಿಗ
ಅದೂ ಪೂರ್ತಿ ನಿಜ ಅಲ್ಲ ಗಿರಿ. 2012ರಲ್ಲಿ ಇಲ್ಲಿ 1,193 ಜನರನ್ನು ಕೇಳಿದರು, ಎಲ್ಲರೂ ಹರಡಿದ ಕ್ಯಾನ್ಸರ್‌ಗೆ ಕೀಮೋ ತಗೊಂಡವರು. ಶ್ವಾಸಕೋಶದವರಲ್ಲಿ 69%, ದೊಡ್ಡಕರುಳಿನವರಲ್ಲಿ 81% ಜನಕ್ಕೆ ಈ ಕೀಮೋ ವಾಸಿ ಮಾಡುವ ಸಂಭವ ಇಲ್ಲ ಅನ್ನುವುದು ಮನಸ್ಸಿಗೆ ಇಳಿದಿರಲಿಲ್ಲ. ಮುಖಕ್ಕೆ ಹೇಳುವ ದೇಶದಲ್ಲೇ ಹೀಗೆ. ಕಿವಿಗೆ ಬಿದ್ದದ್ದೆಲ್ಲ ಒಳಗೆ ಇಳಿಯಲ್ಲ.

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಅಪ್ಪಾರಿಗೆ ಅನ್ನನಾಳದ್ದು. ಮನೆಮಂದಿ ಸೇರಿ ಹೇಳಬಾರದು ಅಂತ ತೀರ್ಮಾನ ಮಾಡಿದರು. ಅವರು "ಮಳೆ ಬಿದ್ದ ಮೇಲೆ ಒಮ್ಮೆ ಹೊಲಕ್ಕೆ ಕರೆದುಕೊಂಡು ಹೋಗು" ಅನ್ನುತ್ತಿದ್ದರು. ನಾವು "ಆರಾಮ ಆಗ್ರಿ, ಆಮೇಲೆ ಹೋಗೋಣ" ಅನ್ನುತ್ತಿದ್ದೆವು. ಹೋಗಲೇ ಇಲ್ಲ. ಉಸಿರಾಟಕ್ಕೆ ತೊಂದರೆ ಆದ ಕೂಡಲೇ ಎಲ್ಲರೂ ಗಾಬರಿ. ಒಂದು ದೊಡ್ಡ ಆಸ್ಪತ್ರೆಯ ಐಸಿಯು, ವೆಂಟಿಲೇಟರ್. ದಿನಕ್ಕೆ ಎರಡು ಸಲ, ಒಬ್ಬೊಬ್ಬರೇ, ಗೌನ್ ಹಾಕಿಕೊಂಡು ಐದು ನಿಮಿಷ. ಬಾಯಲ್ಲಿ ಪೈಪ್ ಇತ್ತು, ಮಾತೇ ಇಲ್ಲ.

ಹೋದ ಮೇಲೆ ಕೈಸಾಲದವರು ಮನೆಗೆ ಬಂದರು. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಒಂದೂ ಗೊತ್ತಿಲ್ಲ. ಎಲ್‌ಐಸಿ ನಾಮಿನಿ ಇನ್ನೂ ತೀರಿಹೋದ ಅಜ್ಜಿಯ ಹೆಸರಲ್ಲೇ ಇತ್ತು. ಅದು ಇರಲಿ ರೀ. ಹೊಲಕ್ಕೆ ಒಮ್ಮೆ ಹೋಗಬಹುದಿತ್ತು, ಜೀಪ್ ಬಾಡಿಗೆ ಎಷ್ಟು ಆಗುತ್ತಿತ್ತು?

ಕರಿಕೋಟು
ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಐಸಿಯು ವಿಷಯಕ್ಕೆ ಕಾನೂನಿನ ದಾರಿ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಗುಣವಾಗದ ಸ್ಥಿತಿಯಲ್ಲಿ ನನಗೆ ವೆಂಟಿಲೇಟರ್ ಹಾಕಿ ಎಳೆಯಬೇಡಿ ಅಂತ ಮುಂಚೆಯೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರೂ ಆ ತಲೆನೋವಿಗೆ ಹೋಗಲಿಲ್ಲ. 2023ರಲ್ಲಿ ಸರಳ ಮಾಡಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಆ ತೀರ್ಪನ್ನು ಜಾರಿ ಮಾಡುವ ಆದೇಶ ಹೊರಡಿಸಿದೆ. ಆದರೆ ಒಂದು ಮಾತು. ಇದನ್ನು ರೋಗಿ ಸ್ವಇಚ್ಛೆಯಿಂದ, ತಿಳಿದು ಬರೆಯಬೇಕು. ಏನೂ ಹೇಳದೆ ಇಟ್ಟ ಮನೆಯಲ್ಲಿ ಇದು ಸಾಧ್ಯವೇ ಇಲ್ಲ.

ಮಲ್ನಾಡ್_ಗಿರಿ
ಸರಿ, ನೋವಿನ ವಿಷಯ. ಮಾರ್ಫಿನ್ ಶುರು ಮಾಡಿದರು ಅಂದರೆ ಕೈಬಿಟ್ಟರು ಅಂತ ಅಲ್ವಾ? ಚಟ ಬೇರೆ ಹತ್ತುತ್ತೆ.

ರಾತ್ರಿಪಾಳಿ
ಈ ಎರಡು ಮಾತು ಕೇಳಿ ಕೇಳಿ ಸಾಕಾಗಿದೆ ಗಿರಿಯಣ್ಣ, ಆದರೂ ಹೇಳುತ್ತೇನೆ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಲೆಕ್ಕ ಹಾಕಿ ಕೊಡುವ ಮಾರ್ಫಿನ್ ಮಾತ್ರೆ ಚಟ ಹತ್ತಿಸುವುದು ತೀರಾ ಅಪರೂಪ. ಸಾವು ಬೇಗ ತರಿಸುವ ಮಾತ್ರೆಯೂ ಅಲ್ಲ. ಮಾಮೂಲಿ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಬಿಡಲಿ, ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾದರೆ ಕೆಟ್ಟಿತು. ಮಲಬದ್ಧತೆ ಖಂಡಿತ ಆಗುತ್ತೆ, ಅದಕ್ಕೆ ಮೊದಲ ದಿನದಿಂದಲೇ ಬೇಧಿ ಔಷಧಿ ಜೊತೆಗಿರಬೇಕು. ಇದನ್ನು ಮರೆತು ಹೊಟ್ಟೆ ಕಟ್ಟಿ, "ಮಾರ್ಫಿನ್ ಆಗಿ ಬರಲಿಲ್ಲ" ಅಂತ ನಿಲ್ಲಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಎಲ್ಲ ಅಂಗಡಿಯಲ್ಲಿ ಸಿಗದೇ ಇರುವುದಕ್ಕೆ ಕಾರಣ 1985ರ ಮಾದಕ ವಸ್ತು ಕಾಯ್ದೆ. ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಿತ್ತು. 2014ರ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭ ಆಗಿದೆ. ಕೇರಳದವರು ಇದರಲ್ಲಿ ತುಂಬಾ ಮುಂದೆ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾದದ್ದು, ಈಗ ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮನೆಗೆ ಬರುತ್ತಾರೆ.

ಕಾಫಿಪುಡಿ
ನಮ್ಮ ಪಂಚಾಯಿತಿಯಲ್ಲಿ ಬೀದಿ ದೀಪ ಹಾಕಿಸಲು ಆರು ಅರ್ಜಿ.

ನಾಲ್ಕನೇ_ಹಂತ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ಬೆನ್ನು ನೋವು ಹದ್ದುಬಸ್ತಿನಲ್ಲಿಲ್ಲದ ದಿನ ನಾನೂ "ಸಾಕಪ್ಪ" ಅಂದಿದ್ದೇನೆ. ಮಾತ್ರೆ ಸರಿಹೋದ ಮೇಲೆ ಅದೇ ನಾನು ವೀಣೆ ತಂತಿ ಆರ್ಡರ್ ಮಾಡಿದೆ.

ತಿಪಟೂರು_ತೆಂಗು
ಎಲ್ಲರ ಮಾತೂ ಓದಿದೆ. ಅಣ್ಣನಿಗೂ ಓದಲು ಕೊಟ್ಟೆ, ಅವನು ಅರ್ಧಕ್ಕೇ ಫೋನ್ ವಾಪಸ್ ಕೊಟ್ಟ.

ನಿನ್ನೆ ಕಾಲು ಒತ್ತುತ್ತಾ ಸಿಸ್ಟರ್ ಹೇಳಿದ ಹಾಗೆ ಕೇಳಿದೆ. "ಅಮ್ಮಾ, ನಿನಗೆ ಏನನ್ನಿಸ್ತಿದೆ?" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಡಾಕ್ಟ್ರು ನಿಮ್ಮನ್ನ ಹೊರಗೆ ಕರೆದು ಏನಂದ್ರು ಅಂತ ನಾನು ಕೇಳಲ್ಲ, ನೀನೂ ಹೇಳ್ಬೇಡ. ಮದುವೆಗೆ ಮಾಘದವರೆಗೆ ಕಾಯೋದು ಬೇಡ. ಬೀಗರಿಗೆ ಹೇಳಿ ಬೇಗ ಇಟ್ಕೊಳ್ಳಿ" ಅಂದರು. ಆಮೇಲೆ ಒಬ್ಬಟ್ಟು ತಿನ್ನಬೇಕು ಅಂದರು. ಅಣ್ಣ ಸಕ್ಕರೆ ಬೆಲ್ಲ ಎರಡೂ ನಿಲ್ಲಿಸಿದ್ದಾನೆ.

ಮಲ್ನಾಡ್_ಗಿರಿ
ನಾನು ಹೇಳಿದ್ದು ಅದೇ! ಅವರೇ ಹೇಳಬೇಡ ಅಂದರಲ್ಲ.

ರಾತ್ರಿಪಾಳಿ
ಹೇಳಬೇಡ ಅಂದರು, ಮದುವೆ ಬೇಗ ಇಟ್ಕೊಳ್ಳಿ ಅಂತಲೂ ಅಂದರು. ಗೊತ್ತಿಲ್ಲದವರು ತಾರೀಖು ಬದಲಾಯಿಸಿ ಅನ್ನುತ್ತಾರಾ? ಅವರಿಗೆ ಬೇಕಾದಷ್ಟು ಮಾತು ಆಗಿದೆ. ಇನ್ನು ಆ ಲಿವರ್ ಕಥೆ ಮಾತ್ರ ಮತ್ತೆ ಹೇಳಬೇಡಿ, ತೆಂಗು. ಮತ್ತೆ ಕೇಳಿದರೆ ಉತ್ತರ ಕೊಡಿ, ಕೇಳದಿದ್ದರೆ ಬಿಡಿ.

ಸಕ್ಕರೆ ವಿಷಯ. ಸಕ್ಕರೆ ಕಾಯಿಲೆ ಇಲ್ಲ ತಾನೇ? ಹಾಗಾದರೆ ಕೊಡಿ. ಮೈಯ ಎಲ್ಲ ಜೀವಕೋಶಕ್ಕೂ ಸಕ್ಕರೆ ಅಂಶವೇ ಆಹಾರ, ಬೆಲ್ಲ ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳಲ್ಲ. ಹೊಟ್ಟೆಯಲ್ಲಿ ನೀರಿದ್ದರೆ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತೆ, ಕಾಲು ಒಬ್ಬಟ್ಟು ತುಪ್ಪ ಹಾಕಿ ಕೊಡಿ. ನೀರು ತೆಗೆಸಲು ವಾರಗಟ್ಟಲೆ ಅಡ್ಮಿಟ್ ಆಗಬೇಕಿಲ್ಲ, ಸಾಮಾನ್ಯವಾಗಿ ಬೆಳಗ್ಗೆ ತೆಗೆದು ಸಂಜೆ ಕಳಿಸುತ್ತಾರೆ. ತೆಗೆದ ಮರುದಿನ ಊಟ ಸ್ವಲ್ಪ ಸೇರುತ್ತೆ, ಒಬ್ಬಟ್ಟನ್ನು ಅವತ್ತಿಗೆ ಇಟ್ಟುಕೊಳ್ಳಿ.

ಫ್ರೀಮಾಂಟ್_ಕನ್ನಡಿಗ
ಪ್ಲಾಸ್ಟರ್ ತುಂಡಿನ ಕಥೆ ಓದಿ ನೆನಪಾಯಿತು. ಕೆನಡಾದ ಹಾರ್ವೆ ಚೋಚಿನೋವ್ ಎಂಬ ಮನೋವೈದ್ಯರು ಕೊನೆಗಾಲದವರನ್ನು ಕೂರಿಸಿ, ಬದುಕಿನಲ್ಲಿ ಯಾವುದು ಮುಖ್ಯ ಆಗಿತ್ತು, ಮಕ್ಕಳಿಗೆ ಏನು ಹೇಳಬೇಕು ಅಂತ ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದು ಮನೆಯವರಿಗೆ ಕೊಡುವ ಪದ್ಧತಿ ತಂದರು. 2011ರ ಟ್ರಯಲ್‌ನಲ್ಲಿ ಅಳತೆಗೋಲಿನ ಪ್ರಕಾರ ಸಂಕಟ ಕಡಿಮೆಯಾದದ್ದು ಸಾಬೀತಾಗಲಿಲ್ಲ, ಆದರೆ ಮಾಡಿದವರು ನಮಗೆ ಒಳ್ಳೆಯದಾಯಿತು ಅಂದರು. ಅಮ್ಮನ ಹತ್ತಿರ ಒಬ್ಬಟ್ಟಿನ ಹದವನ್ನಾದರೂ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಾತು ಅಲ್ಲಿಂದ ಎಲ್ಲಿಗೋ ಹೋಗುತ್ತೆ.

ಕಾಫಿಪುಡಿ
ಕಾಯಿ ಒಬ್ಬಟ್ಟಾ, ಬೇಳೆ ಒಬ್ಬಟ್ಟಾ?

ತಿಪಟೂರು_ತೆಂಗು
ನನ್ನ ಹೆಸರು ನೋಡಿಯೂ ಕೇಳುತ್ತೀರಲ್ಲ! ಕಾಯಿ.

ಹುಬ್ಬಳ್ಳಿ_ಗಿರ್ಮಿಟ್
ಹೋಳಿಗೆ ಅನ್ನಿ ರೀ. ಕಡಲೆಬೇಳೆದ್ದೇ ಖರೇ ಹೋಳಿಗೆ.

ಕರಿಕೋಟು
ಮದುವೆ ತಾರೀಖು ಬೇಗ ನೋಡಿ. ಆಷಾಢ ಬಂದರೆ ಒಂದು ತಿಂಗಳು ಮುಹೂರ್ತ ಇಲ್ಲ. ಈ ಜ್ಯೇಷ್ಠದಲ್ಲೇ ಆಗುತ್ತಾ?

ತಿಪಟೂರು_ತೆಂಗು
ಹುಡುಗಿ ಹಿರಿಮಗಳು, ಹುಡುಗನೂ ಹಿರಿಮಗ. ಜ್ಯೇಷ್ಠದಲ್ಲಿ ಮಾಡಬಾರದು ಅಂತ ದೊಡ್ಡಪ್ಪ ಆಗಲೇ ಎದ್ದು ಕೂತಿದ್ದಾರೆ.

ನಾಲ್ಕನೇ_ಹಂತ
ಹಾಗಾದರೆ ಅಮ್ಮನ ಎದುರಿಗೆ ಮನೆಯಲ್ಲೇ ಈ ವಾರ ನಿಶ್ಚಿತಾರ್ಥ ಮುಗಿಸಿ, ಶ್ರಾವಣಕ್ಕೆ ಧಾರೆ. ದೊಡ್ಡಪ್ಪನಿಗೆ ಪಂಚಾಂಗ ಕೊಟ್ಟು ಕೂರಿಸಿ, ನಿಮ್ಮ ತಂಟೆಗೆ ಬರಲ್ಲ.

ತಿಪಟೂರು_ತೆಂಗು
ಇದು ಅಣ್ಣನೂ ಒಪ್ಪುವ ಮಾತು. ನೋವಿನ ಡಾಕ್ಟರ್ ಹತ್ತಿರ ಗುರುವಾರಕ್ಕೆ ಸಮಯ ತಗೊಂಡಿದ್ದೇನೆ. ಸಿಸ್ಟರ್, ಪೂರ್ತಿ ಮಲಗುವ ಹಾಗಾದರೆ ಬೆಂಗಳೂರಿನಲ್ಲಿ ಇಟ್ಟುಕೊಳ್ಳುವ ಜಾಗ ಇದೆಯಾ?

ರಾತ್ರಿಪಾಳಿ
ಕರುಣಾಶ್ರಯ ಇದೆ, ಮಾರತಹಳ್ಳಿ ಕಡೆ. 1994ರಲ್ಲಿ ಶುರುವಾದ ಟ್ರಸ್ಟ್. ಚಿಕಿತ್ಸೆ ಮುಗಿದು ಇನ್ನೇನೂ ಮಾಡಲಾಗದ ಹಂತದ ಕ್ಯಾನ್ಸರ್ ಪೇಷೆಂಟ್‌ಗಳಿಗೆ, ದುಡ್ಡು ತಗೊಳ್ಳಲ್ಲ. ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ.

ಸೇಡಂ_ತೊಗರಿ
ಈ ಚರ್ಚೆ ಹುಡುಕಿಕೊಂಡು ಬಂದೆ. ನಮ್ಮ ಕಾಕಾಗೆ ಬಾಯಿ ಕ್ಯಾನ್ಸರ್, ರಾತ್ರಿಯೆಲ್ಲ ನೋವು. ಕಲಬುರಗಿ ಕಡೆ ಮಾರ್ಫಿನ್ ಮಾತ್ರೆ ಎಲ್ಲಿ ಕೇಳಬೇಕು? ಅವರಿಗೂ ಮನೆಯಲ್ಲಿ ಏನೂ ಹೇಳಿಲ್ಲ.

ರಾತ್ರಿಪಾಳಿ
ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ, ಮೊದಲು ಅಲ್ಲಿ ಕೇಳಿ. ಬಯಾಪ್ಸಿ ರಿಪೋರ್ಟ್, ಆಧಾರ್ ತಗೊಂಡು ಹೋಗಿ. ಬಾಯಿ ತೆರೆಯಲು, ನುಂಗಲು ಆಗುತ್ತಾ ಅಂತ ಬರೆಯಿರಿ. ಆಗದಿದ್ದರೆ ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಬೇಕು, ಔಷಧಿ ಕೊಡುವ ದಾರಿಯೇ ಬೇರೆ ಆಗುತ್ತೆ. ಹೇಳುವುದು ಬಿಡುವುದು ಆಮೇಲೆ ನೋಡೋಣ. ಕಾಕಾ ಇವತ್ತು ರಾತ್ರಿ ಮಲಗಲಿ.